ಒಂಬತ್ತು ಭಾಷೆ, ಐದು ವರ್ಷ, ಬಿದ್ದುಹೋದ ಒಂದು ಗುಡಿಸು

2024ರ ಸಂಕ್ರಾಂತಿ ಸಂಜೆ. ಅಕ್ಕನ ಮಗ ಎಳ್ಳು ಬೆಲ್ಲ ಕೊಡೋಕೆ ಅಂತ ನಮ್ಮ ಮನೆಗೆ ಬಂದವನು ಹಾಲ್‌ನಲ್ಲೇ ಕೂತು ಲ್ಯಾಪ್‌ಟಾಪ್ ತೆರೆದ. ಇಪ್ಪತ್ತೇಳು ವರ್ಷ ಆದರೂ ಮನೆಯಲ್ಲಿ ಅವನು ಇನ್ನೂ ಪುಟ್ಟನೇ.

"ಚಿಕ್ಕಮ್ಮ, ಇದೊಂದು ನೋಡಿಬಿಡು. ಐದು ವರ್ಷದ ಪ್ಲಾನ್."

ಎಕ್ಸೆಲ್ ಹಾಳೆ. 2024ರಿಂದ 2028ರವರೆಗೆ ಐದು ಕಾಲಂ, ಒಂದೊಂದರಲ್ಲೂ ಆ ವರ್ಷ ಕಲಿಯಬೇಕಾದ ಪ್ರೋಗ್ರಾಮಿಂಗ್ ಭಾಷೆಗಳು. ಮೊದಲ ವರ್ಷ ರಸ್ಟ್ ಮತ್ತು ಟೈಪ್‌ಸ್ಕ್ರಿಪ್ಟ್. ಆಮೇಲೆ ಗೋ, ಕಾಟ್ಲಿನ್. ಮೂರನೇ ವರ್ಷ ಸ್ಕಾಲ, ಹ್ಯಾಸ್ಕೆಲ್. ನಾಲ್ಕನೆಯದು ಎಲಿಕ್ಸರ್, ಜೂಲಿಯಾ. ಕೊನೆಗೆ ಜಿಗ್. ಒಟ್ಟು ಒಂಬತ್ತು. ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಹಚ್ಚಿದ್ದ. ನೋಡೋಕೆ ಚೆನ್ನಾಗಿತ್ತು.

ನಾನು ಈ ಕೆಲಸದಲ್ಲಿ ಇಪ್ಪತ್ತು ವರ್ಷ ದಾಟಿದವಳು. ಇಂಥ ಪಟ್ಟಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಂದೆರಡನ್ನು ನಾನೇ ಬರೆದಿದ್ದೇನೆ. ಈ ಪಟ್ಟಿಗೆ ಮುಂದೆ ಏನಾಯಿತು ಎನ್ನುವುದನ್ನು ಸುಮಾರು ಎರಡು ವರ್ಷ ಹತ್ತಿರದಿಂದ ನೋಡಿದೆ. ನಾನು ಎಲ್ಲಿ ತಪ್ಪು ಹೇಳಿದೆ ಎನ್ನುವುದನ್ನೂ ಸೇರಿಸಿ ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಅವನ ಕೆಲಸ ಏನು ಅಂತ ಹೇಳಬೇಕು. ಬೆಂಗಳೂರಿನ ಒಂದು ಸಣ್ಣ ಕಂಪನಿ. ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಸದಸ್ಯರ ಪಟ್ಟಿ, ಠೇವಣಿ, ಸಾಲದ ಕಂತು, ರಸೀದಿ, ಇಷ್ಟೇ. ಕೋಡ್ ಎಲ್ಲ ಜಾವ 8ರಲ್ಲಿ, ಅಂದರೆ ಜಾವ ಭಾಷೆಯ ಎಂಟನೇ ಆವೃತ್ತಿಯಲ್ಲಿ. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಜಾವಾಸ್ಕ್ರಿಪ್ಟ್‌ನ ಪರದೆಗಳು. ಪುಟ್ಟ ಅಲ್ಲಿ ಸೇರಿ ನಾಲ್ಕು ವರ್ಷ ಆಗಿತ್ತು. "ಅಲ್ಲೇ ಕೊಳೀತಾ ಇದೀನಿ" ಅನ್ನುವುದು ಅವನ ಮಾತು.

"ಪಟ್ಟಿ ಎಲ್ಲಿಂದ ಬಂತು?"

"ವಿಡಿಯೋ ನೋಡಿದೆ. ಈ ವರ್ಷ ಕಲೀಬೇಕಾದ ಭಾಷೆಗಳು ಅಂತ ಏಳೆಂಟು ಇದ್ವು. ಎಲ್ಲದರಲ್ಲೂ ಬಂದಿರೋದನ್ನ ಆರಿಸಿದೆ."

"ಪೈಥಾನ್ ಯಾಕಿಲ್ಲ?"

"ಅದು ಎಲ್ಲರಿಗೂ ಬರುತ್ತೆ."

"ಡೇಟಾಬೇಸ್‌ಗೆ ಪ್ರಶ್ನೆ ಕೇಳೋ ಎಸ್‌ಕ್ಯೂಎಲ್?"

"ಅದು ನನಗೆ ಬರುತ್ತೆ."

ಈ ಎರಡು ಉತ್ತರಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಪಟ್ಟಿ ಪಕ್ಕಕ್ಕಿಟ್ಟು ಮೊದಲು ಗಂಟೆ ಲೆಕ್ಕ ಹಾಕಿದೆವು. ಆಫೀಸು, ಓಡಾಟ, ಬಟ್ಟೆ ಒಗೆಯೋದು, ಕ್ರಿಕೆಟ್, ಎಲ್ಲ ಕಳೆದು ವಾರಕ್ಕೆ ನಿಜವಾಗಿ ಎಷ್ಟು ಸಮಯ ಉಳಿಯುತ್ತದೆ? ಅವನು ಹದಿನೈದು ಗಂಟೆ ಅಂದ. ಹೋದ ತಿಂಗಳು ಎಷ್ಟು ಕೂತೆ ಅಂತ ಕೇಳಿದಾಗ ಸುಮ್ಮನಾದ. ಕೊನೆಗೆ ಒಪ್ಪಿದ್ದು ಐದು ಗಂಟೆ. ಎರಡು ರಾತ್ರಿ ಒಂದೊಂದು ಗಂಟೆ, ಶನಿವಾರ ಬೆಳಗ್ಗೆ ಮೂರು. ಹಬ್ಬ ಹರಿದಿನ ಬಿಟ್ಟು ವರ್ಷಕ್ಕೆ 48 ವಾರ ಅಂದರೆ 240 ಗಂಟೆ. ಐದು ವರ್ಷಕ್ಕೆ 1200. ಒಂಬತ್ತರಿಂದ ಭಾಗಿಸಿದರೆ ಒಂದು ಭಾಷೆಗೆ 133 ಗಂಟೆ.

133 ಗಂಟೆಯಲ್ಲಿ ವ್ಯಾಕರಣ ಬರುತ್ತದೆ, ಪುಟ್ಟ ಪ್ರೋಗ್ರಾಂ ಬರೆಯಬಹುದು. ಆದರೆ ಒಂದು ಭಾಷೆಯಲ್ಲಿ ಸಂಬಳಕ್ಕೆ ಕೆಲಸ ಮಾಡುವುದು ಅಂದರೆ ಬೇರೆಯೇ ಕಥೆ. ಕೋಡ್ ಕಟ್ಟೋದು ಹೇಗೆ, ಯಾವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ನಂಬಬಹುದು, ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಯಾವ ಲಾಗ್ ನೋಡಬೇಕು, ಇವೆಲ್ಲ ಆ ಭಾಷೆಯ ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಇದ್ದರೆ ಮಾತ್ರ ಗೊತ್ತಾಗುವಂಥವು. ಅವನ ಪ್ಲಾನ್ ಪ್ರಕಾರ ಒಂಬತ್ತು ಊರಲ್ಲಿ ಬಸ್ ಸ್ಟ್ಯಾಂಡ್ ಮಾತ್ರ ನೋಡಿದ ಹಾಗೆ ಆಗುತ್ತಿತ್ತು.

ಆಮೇಲೆ ನನ್ನ ಕಥೆ ಹೇಳಿದೆ. ನಾನು ಕೆಲಸ ಶುರು ಮಾಡಿದ್ದು ವಿಷುವಲ್ ಬೇಸಿಕ್ 6, ಅಂದರೆ ವಿಬಿ 6ರಲ್ಲಿ. 1998ರಲ್ಲಿ ಬಂದ ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2008ರ ಏಪ್ರಿಲ್‌ಗೆ ಮುಗಿಯಿತು. ಅದು ಮುಗಿಯುವುದಕ್ಕೆ ಮೊದಲೇ ಹುಷಾರಾಗಿ, ಮುಂದಿನ ಕಾಲ ಇದೇ ಅಂತ ಆಕ್ಷನ್‌ಸ್ಕ್ರಿಪ್ಟ್ 3ಕ್ಕೆ ಹಾರಿದೆ. ವೆಬ್ ಪುಟಗಳಲ್ಲಿ ಆಟ, ಚಲಿಸುವ ಚಿತ್ರ ಓಡಿಸುವ ಫ್ಲಾಶ್‌ನ ಭಾಷೆ ಅದು. ಆಗ ಎಲ್ಲೆಲ್ಲೂ ಫ್ಲಾಶ್. ಶಾಲೆ ಪಾಠ, ಆಟ, ಜಾಹೀರಾತು, ಎಲ್ಲ ಅದರಲ್ಲೇ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಐಫೋನ್‌ನಲ್ಲಿ ಫ್ಲಾಶ್ ಯಾಕೆ ಬರಲ್ಲ ಅಂತ ಬಹಿರಂಗ ಪತ್ರ ಬರೆದರು. 2020ರ ಡಿಸೆಂಬರ್ 31ಕ್ಕೆ ಫ್ಲಾಶ್ ಪೂರ್ತಿ ನಿಂತುಹೋಯಿತು. ಹತ್ತಿರ ಹತ್ತಿರ ನಾಲ್ಕು ವರ್ಷ ಅದರಲ್ಲಿ ಹಾಕಿದ್ದೆ.

"ಅಂದ್ರೆ ಎಲ್ಲ ವೇಸ್ಟಾ?"

ಇಲ್ಲ. ಅದೇ ತಮಾಷೆ. ಆಕ್ಷನ್‌ಸ್ಕ್ರಿಪ್ಟ್ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಒಂದೇ ಮನೆತನದವು, ಎಕ್ಮಾಸ್ಕ್ರಿಪ್ಟ್ ಎಂಬ ಒಂದೇ ಮಾನದಂಡವನ್ನು ಹಿಡಿದು ನಡೆಯುವಂಥವು. ನಾನು ಜಾವಾಸ್ಕ್ರಿಪ್ಟ್‌ಗೆ ಬಂದಾಗ ಅರ್ಧ ದಾರಿ ಆಗಲೇ ನಡೆದಾಗಿತ್ತು. ಯಾರೋ ಗುಂಡಿ ಒತ್ತುವವರೆಗೂ ಕಾದು ಕೂರುವ ಪ್ರೋಗ್ರಾಂ ಬರೆಯೋದು ಹೇಗೆ ಅನ್ನುವುದು ಕೈಗೆ ಹತ್ತಿತ್ತು. ನಷ್ಟ ಆಗಿದ್ದು ಫ್ಲಾಶ್‌ನ ಮೆನುಗಳು, ಶಾರ್ಟ್‌ಕಟ್‌ಗಳು, ಆ ಉಪಕರಣದ ಚಳಕಗಳು. ನಾಲ್ಕು ವರ್ಷದಲ್ಲಿ ಬಹುಪಾಲು ಸಮಯ ಹೋಗಿದ್ದೂ ಅವಕ್ಕೇ ಅನ್ನಿ.

ರಸೀದಿ

ಪ್ಲಾನ್ ವಿಷಯ ಬಿಟ್ಟು ಆಫೀಸಿನಲ್ಲಿ ಈಗ ಏನು ತಲೆ ತಿನ್ನುತ್ತಿದೆ ಅಂತ ಕೇಳಿದೆ. ಅದಕ್ಕೆ ಅವನು ಬೇಸರದಿಂದಲೇ ಉತ್ತರ ಕೊಟ್ಟ. ಅದೂ ಒಂದು ಕೆಲಸಾನಾ ಅನ್ನುವ ಧಾಟಿ.

ಸಂಘದ ರಸೀದಿಗಳಲ್ಲಿ ಹೆಸರು ಕತ್ತರಿಸಿ ಬರುತ್ತಿತ್ತು. "ಕೃಷ್ಣಮೂರ್ತಿ" ಎನ್ನುವ ಸದಸ್ಯರ ರಸೀದಿಯಲ್ಲಿ "ಕೃಷ್ಣಮೂರ್ತ" ಅಂತ ಅಚ್ಚಾಗಿತ್ತು. ಗುಡಿಸು ಮಾಯ. ಅದೇ ಊರಿನ "ಎಸ್. ಕೃಷ್ಣಮೂರ್ತಿ" ಎನ್ನುವವರದು ಇನ್ನೂ ಕೆಟ್ಟದು. "ಎಸ್. ಕೃಷ್ಣಮ" ಆದಮೇಲೆ ಕಪ್ಪು ವಜ್ರದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಹಿರಿಯರು ಸಂಘದ ಆಫೀಸಿಗೆ ಬಂದು ರಸೀದಿ ಮೇಜಿನ ಮೇಲಿಟ್ಟು "ಇದು ಯಾರಪ್ಪಾ?" ಅಂತ ಕೇಳಿದ್ದರಂತೆ.

ಕೋಡ್ ತೆರೆಸಿದೆ. ಎಷ್ಟೋ ವರ್ಷದ ಹಿಂದೆ ಯಾರೋ ಬರೆದ ಒಂದು ಸಾಲು. ಹೆಸರನ್ನು ಬೈಟ್‌ಗಳಾಗಿ, ಅಂದರೆ ಕಂಪ್ಯೂಟರ್ ಪಠ್ಯ ಇಟ್ಟುಕೊಳ್ಳುವ ಚಿಕ್ಕ ಚೂರುಗಳಾಗಿ, ಮಾಡು, ಮೊದಲ 30 ಇಟ್ಟುಕೋ, ಉಳಿದದ್ದು ಬಿಸಾಕು. ಇಂಗ್ಲಿಷ್ ಹೆಸರಿಗೆ ಒಂದಕ್ಷರಕ್ಕೆ ಒಂದು ಬೈಟ್, ತೊಂದರೆ ಇಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು ಬೈಟ್ ಬೇಕು. ಗುಡಿಸು, ಕೊಂಬು, ಒತ್ತು ಮೂಡಿಸುವ ಅರ್ಧಾಕ್ಷರದ ಚಿಹ್ನೆ, ಎಲ್ಲಕ್ಕೂ ಬೇರೆ ಬೇರೆಯಾಗಿ ಮೂರು ಮೂರು. ಕೃಷ್ಣಮೂರ್ತಿಯಲ್ಲಿ ಅಂಥ 11 ಗುರುತುಗಳು, ಒಟ್ಟು 33 ಬೈಟ್. 30ಕ್ಕೆ ಕತ್ತರಿಸಿದರೆ ಕೊನೆಯ ಗುಡಿಸು ಬೀಳುತ್ತದೆ.

"ಎಸ್." ಸೇರಿದಾಗ ಚುಕ್ಕೆಗೆ ಒಂದು ಬೈಟ್, ಜಾಗಕ್ಕೆ ಒಂದು. ಲೆಕ್ಕ ಪಲ್ಲಟ ಆಗುತ್ತದೆ. ಕತ್ತಿ ಬೀಳುವುದು ಗುರುತಿನ ನಡು ಮೈಮೇಲೆ. ಅದಕ್ಕೇ ಆ ವಜ್ರ.

ಅಷ್ಟರಲ್ಲಿ ಅಕ್ಕ ಬಂದಳು. ಅವಳು ನಿವೃತ್ತ ಕನ್ನಡ ಮೇಡಂ. ನಾನು ಕೇಳಿದೆ, "ಅಕ್ಕ, 'ಕನ್ನಡ' ಅನ್ನೋ ಪದದಲ್ಲಿ ಎಷ್ಟು ಅಕ್ಷರ?"

"ಮೂರು. ಯಾಕೆ, ಮಾತ್ರೆ ಬೇಕಾ? ಮಾತ್ರೆ ನಾಲ್ಕು. ಒತ್ತಿನ ಹಿಂದಿನದು ಗುರು ಅಲ್ವಾ."

ಪುಟ್ಟನಿಗೆ ಅದೇ ಪದವನ್ನು ಒಂದೊಂದೇ ಭಾಷೆಗೆ ಕೊಟ್ಟು ಉದ್ದ ಕೇಳು ಅಂದೆ. ಜಾವ 5 ಅಂದಿತು. ಜಾವಾಸ್ಕ್ರಿಪ್ಟ್ 5. ಪೈಥಾನ್ 3 ಕೂಡ 5. ಗೋ 15 ಅಂದಿತು. ರಸ್ಟ್ 15. ನನ್ನ ಮ್ಯಾಕ್‌ನಲ್ಲಿ ಆಪಲ್‌ನ ಸ್ವಿಫ್ಟ್ ಭಾಷೆ ಓಡಿಸಿದರೆ 4.

"ನೋಡಿದ್ಯಾ, ಅದು ಮಾತ್ರೆ ಎಣಿಸಿದೆ" ಅಂದಳು ಅಕ್ಕ. ಅದು ಕಾಕತಾಳೀಯ. ಸ್ವಿಫ್ಟ್ ಕಣ್ಣಿಗೆ ಕಾಣುವ ತುಂಡುಗಳನ್ನು ಎಣಿಸಲು ನೋಡುತ್ತದೆ, ಆದರೆ ನಮ್ಮ ಒತ್ತಕ್ಷರವನ್ನು ಒಂದಾಗಿ ನೋಡುವುದಿಲ್ಲ. ನ್ ಒಂದು, ನ ಒಂದು ಅಂದುಕೊಳ್ಳುತ್ತದೆ. ಮೂರು ಅಂತ ಯಾವುದೂ ಹೇಳಲಿಲ್ಲ. ಒಂದನೇ ಕ್ಲಾಸಿನ ಮಗು ಹೇಳುವ ಉತ್ತರ ಆ ಆರರಲ್ಲಿ ಒಂದಕ್ಕೂ ಬರಲಿಲ್ಲ.

ಇಲ್ಲಿ ಯಾವ ಭಾಷೆಯದ್ದೂ ತಪ್ಪಲ್ಲ. ಪ್ರತಿಯೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದೆ. ಗೋ ಯಾಕೆ ಅಷ್ಟು ನೇರವಾಗಿ ಬೈಟ್ ತೋರಿಸುತ್ತದೆ ಅಂದರೆ, 1992ರಲ್ಲಿ ಯುಟಿಎಫ್-8 ರೂಪಿಸಿದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇಬ್ಬರೂ ಗೋ ಮಾಡಿದ ಮೂವರಲ್ಲಿ ಇದ್ದಾರೆ. ತಾವೇ ಕಟ್ಟಿದ ಮನೆಯ ಇಟ್ಟಿಗೆ ಎಷ್ಟು ಅಂತ ಅವರಿಗೆ ಗೊತ್ತು. ಪೈಥಾನ್ 2ರಲ್ಲಿ ಇದೇ ಪದ 15 ಆಗಿತ್ತು. 2008ರಲ್ಲಿ ಬಂದ ಪೈಥಾನ್ 3 ಅದನ್ನು 5 ಮಾಡಿತು. ಹಳೆಯದನ್ನು ಪೂರ್ತಿ ನಿಲ್ಲಿಸೋಕೆ 2020ರ ಜನವರಿ 1ರವರೆಗೆ ಕಾಯಬೇಕಾಯಿತು. ಪಠ್ಯ ಅಂದರೆ ಏನು ಅನ್ನುವುದರ ಬಗ್ಗೆ ಮನಸ್ಸು ಬದಲಿಸಿದ್ದಕ್ಕೆ ಆ ಭಾಷೆ ಹನ್ನೊಂದು ವರ್ಷ ತೆತ್ತಿತು.

ಪುಟ್ಟ ಎಕ್ಸೆಲ್ ಮರೆತೇಬಿಟ್ಟಿದ್ದ. ಕಬ್ಬು ಹಾಗೇ ತಟ್ಟೆಯಲ್ಲಿತ್ತು.

ಹಾಳೆ ಮೇಲಿನ ಪ್ಲಾನ್

ಅವತ್ತು ರಾತ್ರಿ ಊಟ ಆದಮೇಲೆ ಹೊಸ ಹಾಳೆ ತೆಗೆದೆವು. ಎಕ್ಸೆಲ್ ಬೇಡ, ನೋಟ್‌ಬುಕ್ಕೇ ಸಾಕು ಅಂದೆ. ನಿಯಮ ಒಂದೇ. ಎಡಗಡೆ ಭಾಷೆ ಹೆಸರು ಬರೆಯುವ ಹಾಗಿಲ್ಲ. ಎಡಗಡೆ ನಿನ್ನ ಕೈಯಲ್ಲಿರುವ ತೊಂದರೆ ಬರೆ. ಭಾಷೆ ಬಲಗಡೆ.

ಮೊದಲ ಸಾಲು: ಸರ್ವರ್‌ನಲ್ಲಿ ಸರಿ ಕಾಣುವ ಕನ್ನಡ, ಸಂಘದ ವಿಂಡೋಸ್ ಕಂಪ್ಯೂಟರ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಇದಕ್ಕೆ ಬಲಗಡೆ ಬಂದದ್ದು ಹೊಸ ಭಾಷೆ ಅಲ್ಲ, ಜಾವವೇ. ಜಾವ 8 ಬಂದಿದ್ದು 2014ರಲ್ಲಿ. ಅದು ಫೈಲ್ ಓದುವಾಗ, ಬರೆಯುವಾಗ, ನೀವು ಬೇರೆ ಏನೂ ಹೇಳದಿದ್ದರೆ, ಕಂಪ್ಯೂಟರಿನ ಪದ್ಧತಿಯನ್ನೇ ಹಿಡಿಯುತ್ತದೆ. ವಿಂಡೋಸ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಇನ್ನೊಂದು. 2022ರ ಜಾವ 18ರಿಂದ ಎಲ್ಲ ಕಡೆ ಯುಟಿಎಫ್-8 ಅಂತ ಆಯಿತು. ಪುಟ್ಟನಿಗೆ ಇದು ಗೊತ್ತೇ ಇರಲಿಲ್ಲ. ಬರೀ ಮಾಹಿತಿ ಹಿಡಿದಿಡುವ ಚಿಕ್ಕ ರಚನೆಗಳಾದ ರೆಕಾರ್ಡ್‌ಗಳು ಗೊತ್ತಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಜಾವ 21ರ ವರ್ಚುವಲ್ ಥ್ರೆಡ್‌ಗಳು ಗೊತ್ತಿರಲಿಲ್ಲ. ಗೋ ಯಾಕೆ ಬೇಕು ಅಂತ ಕೇಳಿದಾಗ ಅವನು ಹೇಳಿದ್ದ ಕಾರಣ, ಸಾವಿರಾರು ಕೆಲಸ ಒಟ್ಟಿಗೆ ಹಗುರವಾಗಿ ಓಡಿಸಬಹುದು ಅನ್ನುವುದು. ಆ ವರ್ಚುವಲ್ ಥ್ರೆಡ್‌ಗಳಿಂದ ಅದೇ ಈಗ ಅವನ ಮನೆಯಲ್ಲೇ, ಜಾವದಲ್ಲೇ ಇತ್ತು.

ಒಂದು ಭಾಷೆ ಬರುತ್ತದೆ ಅಂದುಕೊಂಡವರು ಅದರ ಹತ್ತು ವರ್ಷ ಹಳೆಯ ರೂಪದಲ್ಲಿ ನಿಂತಿರುತ್ತಾರೆ. ನಾನು ಎಷ್ಟೋ ಜನರನ್ನು ಹೀಗೆ ನೋಡಿದ್ದೇನೆ. ನಾನೂ ನಿಂತಿದ್ದೆ.

ಎರಡನೇ ಸಾಲು: ತಿಂಗಳ ಕೊನೆಯ ವರದಿ ತೆಗೆಯಲು ಮಧ್ಯಾಹ್ನದ ಊಟಕ್ಕೆ ಹೋಗಿ ಬರುವಷ್ಟು ಹೊತ್ತು ಬೇಕು. ಕೋಡ್ ನೋಡಿದರೆ, ಒಬ್ಬೊಬ್ಬ ಸದಸ್ಯರಿಗೂ ಡೇಟಾಬೇಸ್‌ಗೆ ಒಂದೊಂದು ಪ್ರಶ್ನೆ ಕೇಳಿ, ಜಾವದಲ್ಲಿ ಕೂಡಿಸುತ್ತಿದ್ದರು. ಬರುತ್ತೆ ಅಂದಿದ್ದ ಎಸ್‌ಕ್ಯೂಎಲ್ ಇಲ್ಲಿ ಬಲಗಡೆ ಬಂದು ಕೂತಿತು. 1974ರಿಂದ ಇರುವ ಭಾಷೆ ಅದು. ಅದರ ಮೇಲೆ ಬಂದು ಹೋದ ಭಾಷೆಗಳ ಲೆಕ್ಕ ಇಲ್ಲ, ಅದು ಕೂತಲ್ಲೇ ಕೂತಿದೆ. ಯಾವ ವಿಡಿಯೋದಲ್ಲೂ ಮೊದಲ ಸ್ಥಾನ ಮಾತ್ರ ಸಿಗುವುದಿಲ್ಲ.

ಮೂರನೇ ಸಾಲು: ಹಳೆಯ ಸಂಘಗಳು ಕೊಡುವ ಪಟ್ಟಿಗಳು ಹಳೆ ಪದ್ಧತಿಯ ನುಡಿ ಫಾಂಟಿನಲ್ಲಿವೆ, ಹಾಗೇ ಬಳಸೋಕೆ ಬರುವುದಿಲ್ಲ. ಇದರ ಪಕ್ಕ ಪೈಥಾನ್.

ನಾಲ್ಕನೆಯದು ಪರದೆಗಳ ಜಾವಾಸ್ಕ್ರಿಪ್ಟ್ ಗೊಂದಲ. ಜಾವಾಸ್ಕ್ರಿಪ್ಟ್ ಮೇಲೇ ಕಟ್ಟಿದ ಟೈಪ್‌ಸ್ಕ್ರಿಪ್ಟ್ ಸಾಕು, ಅದನ್ನು ಕೆಲಸದ ಜೊತೆಗೇ ಸ್ವಲ್ಪ ಸ್ವಲ್ಪ ಸೇರಿಸಬಹುದು, ಬೇರೆ ಗಂಟೆ ಬೇಡ.

ರಸ್ಟ್ ಮೂರನೇ ವರ್ಷಕ್ಕೆ ಹೋಯಿತು. ಪುಟ್ಟನ ಮುಖ ಸಣ್ಣದಾಯಿತು. ಅವನ ವಾದವೂ ಸುಳ್ಳಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ ಸಮೀಕ್ಷೆಯಲ್ಲಿ 2016ರಿಂದ ಪ್ರತಿ ವರ್ಷ ಪ್ರೋಗ್ರಾಮರ್‌ಗಳು ಅತಿ ಜಾಸ್ತಿ ಮೆಚ್ಚಿದ್ದು ರಸ್ಟನ್ನೇ. 2022ರ ಡಿಸೆಂಬರ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೂ ಕಾಲಿಟ್ಟಿತು. ನಾನು ಹೇಳಿದ್ದು ಇಷ್ಟು: ನಿನ್ನ ಆಫೀಸಿನಲ್ಲಿ ಅದು ಬಲ್ಲವರು ಒಬ್ಬರೂ ಇಲ್ಲ. ಸಿಕ್ಕಿಹಾಕಿಕೊಂಡರೆ ಕೇಳೋಕೆ ಯಾರೂ ಇಲ್ಲ. ಅದು ಒಂಟಿಯಾಗಿ ಕಲಿಯೋಕೆ ಕಷ್ಟದ ಭಾಷೆ. ನಿನ್ನ 240 ಗಂಟೆ ಪೂರ್ತಿ ನುಂಗುತ್ತದೆ.

ಉಳಿದ ಏಳಕ್ಕೆ ಎಡಗಡೆ ಬರೆಯೋಕೆ ಏನೂ ಸಿಗಲಿಲ್ಲ. ಅವನೇ ಒಂದೊಂದಾಗಿ ಬಿಟ್ಟ. ಎಲಿಕ್ಸರ್ ಬಿಡುವಾಗ ಸ್ವಲ್ಪ ಸಂಕಟ ಪಟ್ಟ. ಟೆಲಿಫೋನ್ ಕೆಲಸಕ್ಕೆ ಅಂತ ಎರಿಕ್ಸನ್‌ನವರು 80ರ ದಶಕದಲ್ಲಿ ಮಾಡಿದ ಎರ್ಲಾಂಗ್‌ನ ಮೇಲೆ ಎಲಿಕ್ಸರ್ ನಿಂತಿದೆ, ವಾಟ್ಸಾಪ್ ಬೆಳೆದದ್ದು ಆ ಎರ್ಲಾಂಗ್‌ನಲ್ಲೇ ಅಂತ ಎಲ್ಲೋ ಓದಿದ್ದ. ಓದಿದ್ದು ನಿಜವೇ. ಆದರೆ ಸಂಘದ ರಸೀದಿಗೆ ವಾಟ್ಸಾಪ್‌ನಷ್ಟು ಗಿರಾಕಿಗಳಿಲ್ಲ. ನಾಲ್ಕನೇ, ಐದನೇ ವರ್ಷದ ಸಾಲು ಖಾಲಿ ಬಿಟ್ಟೆವು.

"ಇಂಟರ್ವ್ಯೂನಲ್ಲಿ ಏನು ಹೇಳಲಿ? ಜಾವ ಕಲಿತೆ ಅಂತಲಾ? ನಾಲ್ಕು ವರ್ಷದಿಂದ ಅದನ್ನೇ ಹೇಳ್ತಾ ಇದೀನಿ."

ಸರಿ, ನೀನು ನಿಜವಾಗಿ ಅರ್ಜಿ ಹಾಕುವಂಥ ಕೆಲಸಗಳನ್ನು ತೆಗಿ ಅಂದೆ. ಕನಸಿನ ಕೆಲಸ ಬೇಡ, ಮುಂದಿನ ತಿಂಗಳು ಸಿಕ್ಕರೆ ಹೋಗುವ ಕೆಲಸ. ಬೆಂಗಳೂರಿನವೇ. ಒಂದು ಗಂಟೆ ಕೂತು ಗೀಟು ಹಾಕಿದ. ಜಾವ ಮತ್ತು ಎಸ್‌ಕ್ಯೂಎಲ್ ಮುಂದೆ ಗೀಟುಗಳು ಸಾಲು ದಾಟಿ ಹೋದವು. ಗೋ, ಪೈಥಾನ್‌ಗೂ ಸಾಕಷ್ಟು ಬಂದವು. ಜಿಗ್, ಹ್ಯಾಸ್ಕೆಲ್ ಮುಂದೆ ಒಂದೂ ಗೀಟಿಲ್ಲ. ಅಷ್ಟಕ್ಕೇ ಆ ಭಾಷೆಗಳು ಕೆಟ್ಟವು ಅಂತಲ್ಲ. ಹ್ಯಾಸ್ಕೆಲ್ ನನಗೆ ತುಂಬ ಇಷ್ಟ, ಅದರಿಂದ ಒಂದು ರೂಪಾಯಿ ದುಡಿದಿಲ್ಲ. ಪ್ಲಾನ್ ಮಾಡುವಾಗ ಯಾವುದು ಅನ್ನಕ್ಕೆ, ಯಾವುದು ಖುಷಿಗೆ ಅಂತ ಬೇರೆ ಬೇರೆ ಬರೆದಿಟ್ಟರೆ ಆಮೇಲೆ ಜಗಳ ಇರುವುದಿಲ್ಲ.

ನಾನು ತಪ್ಪಿದ್ದು

ಮೇ ತಿಂಗಳವರೆಗೆ ಎಲ್ಲ ಪ್ಲಾನ್ ಪ್ರಕಾರ ನಡೆಯಿತು. ವರದಿಯ ಕೋಡ್ ತೆಗೆದು ಒಂದೇ ಎಸ್‌ಕ್ಯೂಎಲ್ ಪ್ರಶ್ನೆ ಮಾಡಿದ. ಊಟದ ಹೊತ್ತಿನ ಕೆಲಸ ಕಾಫಿ ಆರುವ ಮುಂಚೆ ಮುಗಿಯಿತು. ಅವನ ಮೇನೇಜರ್ ಮೊದಲ ಸಲ ಅವನನ್ನು ಮೀಟಿಂಗಿಗೆ ಕರೆದದ್ದು ಅದಾದ ಮೇಲೆಯೇ.

ಜೂನ್‌ನಲ್ಲಿ ಒಂದು ರಾತ್ರಿ ಫೋನ್. "ಚಿಕ್ಕಮ್ಮ, ಬೈಬೇಡ. ರಸ್ಟ್ ಶುರು ಮಾಡಿದೀನಿ."

ಬೈದೆ. ಆಮೇಲೆ ಕೇಳಿಸಿಕೊಂಡೆ. ರಸೀದಿಯ ಕತ್ತರಿಸುವ ಸಾಲನ್ನೇ ಅವನು ರಸ್ಟ್‌ನಲ್ಲಿ ಬರೆದು ನೋಡಿದ್ದ. "ಎಸ್. ಕೃಷ್ಣಮೂರ್ತಿ" ಕೊಟ್ಟ ತಕ್ಷಣ ಪ್ರೋಗ್ರಾಂ ಕುಸಿದು ಬಿತ್ತು. ಸುಮ್ಮನೆ ಬೀಳಲಿಲ್ಲ, ಕಾರಣ ಹೇಳಿ ಬಿತ್ತು. 30ನೇ ಬೈಟ್ ಅಕ್ಷರದ ಗಡಿಯಲ್ಲಿಲ್ಲ, ಅದು ಕೊಂಬಿನ ದೀರ್ಘದ ಒಳಗಿದೆ, ಆ ಗುರುತು 29ರಿಂದ 32ರವರೆಗೆ ಹಬ್ಬಿದೆ, ಅಂತ. ಆ ಗುರುತನ್ನೇ ಪರದೆ ಮೇಲೆ ಬರೆದು ತೋರಿಸಿತ್ತು. ಜಾವ ಮಾತಿಲ್ಲದೆ ನುಂಗಿ ವಜ್ರ ಉಗುಳಿದ್ದ ಜಾಗ ಅದು.

"ಜನವರಿಯಲ್ಲಿ ನೀನು ಬೈಟ್ ಲೆಕ್ಕ ಹೇಳಿದ್ದೆ, ನಾನು ತಲೆ ಆಡಿಸಿದ್ದೆ. ಅರ್ಥ ಆಗಿದ್ದು ಈಗ."

ಅಲ್ಲಿಗೆ ನನ್ನ ವರ್ಷದ ಲೆಕ್ಕಾಚಾರ ಸುಳ್ಳಾಯಿತು. ಕಷ್ಟದ ಭಾಷೆಯನ್ನು ಮುಂದಕ್ಕೆ ಹಾಕಬೇಕು ಅಂತ ನಾನು ಅಂದುಕೊಂಡಿದ್ದೆ. ಪೂರ್ತಿ ಕಲಿಯೋದಾದರೆ ಅದು ಸರಿ. ಆದರೆ ಒಂದು ಭಾಷೆಯನ್ನು ಭೂತಗನ್ನಡಿ ಥರ ಒಂದೇ ಸಾಲಿನ ಮೇಲೆ ಹಿಡಿದು ನೋಡೋಕೆ ಮೂರು ರಾತ್ರಿ ಸಾಕು. ಆ ಮೂರು ರಾತ್ರಿಯನ್ನು ನಾನು ಎರಡು ವರ್ಷ ಮುಂದೂಡಿದ್ದೆ.

ಇನ್ನೊಂದು ಮಾತು ಕೇಳಿದೆ. ಬರೀ "ಕೃಷ್ಣಮೂರ್ತಿ" ಕೊಟ್ಟರೆ ರಸ್ಟ್ ಏನಂತು? ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು. "ಏನೂ ಅನ್ನಲಿಲ್ಲ. ಕೃಷ್ಣಮೂರ್ತ ಅಂತ ಕೊಟ್ಟು ಸುಮ್ನಾಯ್ತು." 30 ಅನ್ನುವುದು ಮೂರರಿಂದ ಸರಿಯಾಗಿ ಭಾಗ ಆಗುತ್ತದೆ. ಕತ್ತಿ ಗಡಿಯ ಮೇಲೇ ಬಿತ್ತು. ರಸ್ಟ್ ಪಾಲಿಗೆ ಅದು ತಪ್ಪೇ ಅಲ್ಲ. ಗುಡಿಸು ಇಲ್ಲದೆ ಮೂರ್ತಿ ಮೂರ್ತಿಯಾಗಲ್ಲ ಅಂತ ಅದಕ್ಕೆ ಯಾರು ಹೇಳಬೇಕು?

ಇದೇ ಸಮಯದಲ್ಲಿ ಭಾವ ಒಂದು ಪ್ರಶ್ನೆ ಎತ್ತಿದರು. ಈಗ ಎಐ ಕೋಡ್ ಬರೆಯುತ್ತಲ್ಲ, ಇಷ್ಟೆಲ್ಲ ಭಾಷೆ ಕಲಿತು ಏನು ಮಾಡ್ತಾನೆ? ನ್ಯಾಯವಾದ ಪ್ರಶ್ನೆ. ಒಂದು ಎಐ ಉಪಕರಣಕ್ಕೆ ಹೆಸರನ್ನು ಹತ್ತು ಅಕ್ಷರಕ್ಕೆ ಕತ್ತರಿಸುವ ಕೋಡ್ ಕೇಳಿದೆವು. ಚೊಕ್ಕವಾಗಿ ಬರೆದುಕೊಟ್ಟಿತು, ಮೊದಲ ಸಲಕ್ಕೇ ಓಡಿತು. ಬಂದ ಉತ್ತರ ಮತ್ತೆ "ಕೃಷ್ಣಮೂರ್ತ". ಅಕ್ಷರ ಅಂದರೆ ಏನು ಅಂತ ಬಿಡಿಸಿ ಹೇಳಿದ ಮೇಲೆ ಒಳ್ಳೆಯ ಕೋಡೇ ಬಂತು. ಬಿಡಿಸಿ ಹೇಳೋಕೆ ಪುಟ್ಟನಿಗೆ ಅಷ್ಟರಲ್ಲಿ ಬಂದಿತ್ತು. ಐದು ತಿಂಗಳ ಹಿಂದೆ ಬರುತ್ತಿರಲಿಲ್ಲ. ಈಗ ಅವನು ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಎರಡನೇ ವರ್ಷದ ಗಂಟೆಗಳಲ್ಲಿ ಅರ್ಧವನ್ನು ಬೇರೆಯವರ ಕೋಡ್ ಓದಲು ಅಂತ ನಾವು ಆಮೇಲೆ ತೆಗೆದಿಟ್ಟೆವು.

ಅಂದ ಹಾಗೆ, ರಸೀದಿ ಸರಿಯಾದದ್ದು ಅಕ್ಷರ ಎಣಿಸಿ ಅಲ್ಲ. ಕಾಗದಕ್ಕೆ ಅಕ್ಷರ ಎಷ್ಟು ಅಂತ ಬೇಕಿಲ್ಲ, ಅಗಲ ಎಷ್ಟು ಅಂತ ಬೇಕು. ಬರೆದ ಸಾಲು ಕಾಗದದ ಮೇಲೆ ಎಷ್ಟು ಅಗಲ ಹಿಡಿಯುತ್ತದೆ ಅಂತ ಅಳೆದು, ಹಿಡಿಸದಿದ್ದರೆ ಎರಡನೇ ಸಾಲಿಗೆ ಮುರಿಯುವ ಸೌಲಭ್ಯ ಜಾವದಲ್ಲೇ ಇತ್ತು. ಪುಟ್ಟ ಎಬಿಸಿಡಿ ಕಲಿಯುವ ಕಾಲದಿಂದ ಇತ್ತು. ಅದನ್ನು ಹುಡುಕಿದ್ದು ಅವನೇ. ರಸ್ಟ್ ಬೀಳದಿದ್ದರೆ ಹುಡುಕುತ್ತಿರಲಿಲ್ಲ ಅನ್ನುತ್ತಾನೆ.

ಎರಡನೇ ವರ್ಷ, ನುಡಿ ಪಟ್ಟಿಗಳು

2025 ಪೈಥಾನ್‌ನ ವರ್ಷ. ಎಲ್ಲರಿಗೂ ಬರುತ್ತೆ ಅಂದಿದ್ದ ಭಾಷೆ.

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ನೀವು ನೋಡಿರಬಹುದು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ "ಕನ್ನಡ" ಅನ್ನುವುದು ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀರಿರುವ ಎ, ಪೌಂಡ್ ಗುರುತು, ಮತ್ತೆ ಗೀರಿನ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಅದೇ ಎ. ಒಟ್ಟು ಏಳು ಚೂರು. ಅಲ್ಲಿ ಅಕ್ಷರ ಅಂತ ಯಾವುದೂ ಇಲ್ಲ, ಅಚ್ಚಿನ ಮೊಳೆಗಳ ಹಾಗೆ ಬರೀ ಆಕಾರಗಳು. ಗೀರಿನ ಎ ಅಂದರೆ ತಲೆಕಟ್ಟು, ಅದಕ್ಕೇ ಮೂರು ಸಲ ಬಂದಿದೆ.

ಇಂಥ ಪಟ್ಟಿಗಳನ್ನು ಯೂನಿಕೋಡ್‌ಗೆ, ಅಂದರೆ ಪ್ರತಿ ಗುರುತಿಗೂ ತನ್ನದೇ ಸಂಖ್ಯೆ ಇರುವ ಈಗಿನ ಪದ್ಧತಿಗೆ, ತರುವ ಪರಿವರ್ತಕಗಳು ಇವೆ. ಆದರೆ ಸಂಘಗಳ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ನುಡಿ ಅಕ್ಷರವೂ, ನಿಜವಾದ ಇಂಗ್ಲಿಷೂ, ಖಾತೆ ಸಂಖ್ಯೆಯೂ ಕಲಸಿಕೊಂಡಿರುತ್ತವೆ. ಪಿ ಅಂದರೆ ಕ ಇರಬಹುದು, ಅಥವಾ ನಿಜವಾಗಲೂ ಪಿ ಇರಬಹುದು. ಅದಕ್ಕೇ ಪುಟ್ಟ ತನ್ನದೇ ಪರಿವರ್ತಕ ಬರೆಯಬೇಕಾಯಿತು. ಆಕಾರ ಬದಲಿಸುವುದು ಒಂದು ಸಂಜೆ ಕೆಲಸ. ಅವನನ್ನು ಅಳಿಸಿದ್ದು ಅರ್ಕಾವತ್ತು. ಹಳೆ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಹಾಗೇ ಅದು ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಹಾಗೆ ರ್ ಮೊದಲು ಬರಬೇಕು. ಅಂದರೆ ಅರ್ಕಾವತ್ತು ಕಂಡ ಕೂಡಲೇ ಹಿಂದಕ್ಕೆ ನಡೆದು, ಆ ಅಕ್ಷರ ತನ್ನ ಒತ್ತುಗಳ ಸಮೇತ ಎಲ್ಲಿ ಶುರುವಾಯಿತು ಅಂತ ಹುಡುಕಿ, ಅಲ್ಲಿ ರ್ ಇಡಬೇಕು. ಕೃಷ್ಣಮೂರ್ತಿಯ ಕೊನೆಯಲ್ಲಿ ಇರುವುದೂ ಅದೇ. ಮೊದಲ ಪ್ರಯತ್ನದಲ್ಲಿ "ಕೃಷ್ಣರ್ಮೂತಿ" ಬಂತು, ಫೋಟೋ ಕಳಿಸಿದ್ದ.

ಇದನ್ನು ಜಾವದಲ್ಲೂ ಮಾಡಬಹುದಿತ್ತು. ಪೈಥಾನ್‌ನಲ್ಲಿ ಮಾಡಿದ್ದರಿಂದ ಸಿಕ್ಕಿದ್ದು ವೇಗದ ತಿರುವು. ಹತ್ತು ಸಾಲು ಬರೆ, ಓಡಿಸು, ತಪ್ಪು ನೋಡು, ಬದಲಿಸು. ಎಸೆಯಬಹುದಾದ ಕೋಡ್ ಬರೆಯಲು ಅವನಿಗೆ ಅಲ್ಲಿಯವರೆಗೆ ಬರುತ್ತಿರಲಿಲ್ಲ. ಜಾವದಲ್ಲಿ ನಾಲ್ಕು ವರ್ಷ ಇದ್ದವನು ಎಲ್ಲವನ್ನೂ ಕಾಂಕ್ರೀಟ್‌ನಲ್ಲೇ ಕಟ್ಟುತ್ತಿದ್ದ. ಪೈಥಾನ್ ಎಲ್ಲರಿಗೂ ಬರುತ್ತದೆ ಅನ್ನುವುದು ನಿಜ, ಅವನಿಗೆ ಬಂದಿರಲಿಲ್ಲ ಅಷ್ಟೇ.

ಟೈಪ್‌ಸ್ಕ್ರಿಪ್ಟ್ ಮಾತ್ರ ಕುಂಟುತ್ತಿದೆ. ಅದಕ್ಕೆ ಬೇರೆ ಗಂಟೆ ಬೇಡ ಅಂದಿದ್ದೆ ನೋಡಿ, ಬೇಡ ಅಂದ ಮೇಲೆ ಗಂಟೆ ಸಿಗಲೇ ಇಲ್ಲ. ಆಫೀಸಿನಲ್ಲಿ ಜಾವ 21ಕ್ಕೆ ಏರುವುದೂ ಅರ್ಧದಲ್ಲಿ ನಿಂತಿದೆ. ಒಂದು ಹಳೆ ಲೈಬ್ರರಿ ಒಪ್ಪುತ್ತಿಲ್ಲ. ಅವನು ಈಗ ಅದೇ ಕಂಪನಿಯಲ್ಲಿದ್ದಾನೆ, ಕೊಳೀತಾ ಇದೀನಿ ಅನ್ನುವುದನ್ನು ಬಿಟ್ಟಿದ್ದಾನೆ. ಬೇರೆ ಕಡೆ ಇಂಟರ್ವ್ಯೂ ಒಂದು ಕೊಟ್ಟ. ಅಲ್ಲಿ ಭಾಷೆಗಳ ಪಟ್ಟಿ ಕೇಳಿದವರು ಕೊನೆಗೆ ಮುಕ್ಕಾಲು ಗಂಟೆ ಮಾತಾಡಿದ್ದು ಅರ್ಕಾವತ್ತಿನ ಬಗ್ಗೆಯಂತೆ. ಕೆಲಸ ಸಿಗಲಿಲ್ಲ.

ಮೊನ್ನೆ ದೀಪಾವಳಿಗೆ ಬಂದಾಗ ನೋಟ್‌ಬುಕ್ ತಂದಿದ್ದ. ಮೂರನೇ ವರ್ಷದ ಸಾಲಿನಲ್ಲಿ ರಸ್ಟ್ ಹೊಡೆದುಹಾಕಿ, ಎಡಗಡೆ "ಕನ್ನಡದಲ್ಲಿ ಅಕ್ಷರ ಎಣಿಸುವುದು" ಅಂತ ಬರೆದಿದ್ದ. ಬಲಗಡೆ ಖಾಲಿ. ಕನ್ನಡಕ್ಕೆ ಮೂರು ಅಂತ ಹೇಳುವ ಒಂದು ಸಣ್ಣ ಲೈಬ್ರರಿ ಮಾಡಬೇಕಂತೆ. ಎಲ್ಲ ಭಾಷೆಯವರೂ ಬಳಸುವ ಹಾಗೆ ಇರಬೇಕು, ಹಾಗಾಗಿ ರಸ್ಟೇ ಆಗಬಹುದು, ಸಿ ಆಗಬಹುದು, ಇನ್ನೂ ಗೊತ್ತಿಲ್ಲ ಅಂದ. ಈಗಾಗಲೇ ಒಂದು ಹೆಸರಿನ ಹತ್ತಿರ ಸಿಕ್ಕಿಕೊಂಡಿದ್ದ. "ರಾಜ್‌ಕುಮಾರ್". ಜ್ ಆದಮೇಲೆ ಕಣ್ಣಿಗೆ ಕಾಣದ ಒಂದು ಗುರುತಿದೆ, ಕ ಒತ್ತಾಗಿ ಕೆಳಗಿಳಿಯದ ಹಾಗೆ ತಡೆಯೋಕೆ. ಅದನ್ನೂ ಸೇರಿಸಿದರೆ 11 ಗುರುತು, 33 ಬೈಟ್, ಥೇಟ್ ಕೃಷ್ಣಮೂರ್ತಿಯಷ್ಟೇ.

"ಅಮ್ಮ, ರಾಜ್‌ಕುಮಾರ್‌ಗೆ ಎಷ್ಟು ಅಕ್ಷರ?"

ಅಕ್ಕ ಹೋಳಿಗೆ ಲಟ್ಟಿಸುತ್ತಿದ್ದಳು. "ಪದ್ಯದಲ್ಲಾದರೆ ಮೂರು. ಕಾಪಿ ಪುಸ್ತಕದಲ್ಲಾದರೆ ಐದು. ನಿನಗೆ ಯಾವುದಕ್ಕೆ ಬೇಕು ಹೇಳು."

ಪುಟ್ಟ ಪೆನ್ನು ಹುಡುಕಿದ.